ಅಳತೆಗೊಂದು ನೆಲೆ

ಕ್ಯಾಸಂಬಳ್ಳಿಯ ಸುತ್ತಿನ ಸೀಮೆಗೆ ಅಳತೆಯ ಕೆಲಸ ಹೊಸತಲ್ಲ. ಸಮೀಪದ ಕೋಲಾರ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದವು. ಆ ಕತ್ತಲೆಯಲ್ಲಿ ಸುರಂಗ ತೋಡುವವರಿಗೆ ಮೋಜಣಿದಾರರ ನಕ್ಷೆಯೇ ಕಣ್ಣಾಗಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯು ಅಲ್ಲಿ ಬುಲ್‌ಡೋಜರ್ ಮೊದಲಾದ ಭಾರಿ ಯಂತ್ರಗಳನ್ನು ನಿರ್ಮಿಸುತ್ತಿದೆ. ಇಂತಹ ಯಂತ್ರದ ಒಂದೊಂದು ಬಿಡಿಭಾಗವೂ ಲೋಹದಲ್ಲಿ ಮೂಡುವ ಮುನ್ನ ನಕ್ಷೆಯಲ್ಲಿ ಮೂಡಬೇಕು.

ಹಿಂದೆ ನಕ್ಷೆಗಾರನು ಹಲಗೆಯ ಮೇಲೆ ಕಾಗದ ಹರಡಿ, ಪೆನ್ಸಿಲಿನಿಂದ ರೇಖೆ ಎಳೆಯುತ್ತಿದ್ದನು. 1963ರಲ್ಲಿ ಅಮೆರಿಕದ ಇವಾನ್ ಸದರ್‌ಲ್ಯಾಂಡ್ ಅವರು ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶವನ್ನು ರಚಿಸಿ, ಗಣಕಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯಬಹುದೆಂದು ತೋರಿಸಿದರು. ಇಂದಿನ ಅನೇಕ ತಂತ್ರಾಂಶಗಳಲ್ಲಿ ಆಕೃತಿಯನ್ನು ಮೊದಲು ಅಂದಾಜಿನಿಂದ ಎಳೆದು, ಅನಂತರ ಅಳತೆ ಕೊಡುತ್ತಾರೆ. ಕೊಟ್ಟ ಅಳತೆಗೆ ತಕ್ಕಂತೆ ಆಕೃತಿಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಗದದ ಮೇಲೆ ಅಳತೆಯು ರೇಖೆಯನ್ನು ವರ್ಣಿಸುತ್ತಿತ್ತು. ಇಲ್ಲಿ ರೇಖೆಯನ್ನು ಆಳುತ್ತದೆ.

ಈ ಅನುಕೂಲದೊಡನೆ ಒಂದು ತೊಡಕೂ ಉಂಟು. ಆಕೃತಿ ಬದಲಾದಂತೆ ಅಂಕೆಗಳು ಒಂದರ ಮೇಲೊಂದು ಬಿದ್ದು ಓದಲಾಗದಂತಾಗುತ್ತವೆ. ಅವುಗಳನ್ನು ಎಳೆದು ತಕ್ಕ ಎಡೆಯಲ್ಲಿ ಇರಿಸುವ ಹೊಣೆ ಮನುಷ್ಯನದೇ. ಇದಕ್ಕೆ ಹಳೆಯ ಹಲಗೆಯ ಕಾಲದ ನಿಯಮಗಳೇ ಇಂದಿಗೂ ದಾರಿ ತೋರುತ್ತವೆ. ಸಾಧ್ಯವಾದಷ್ಟು ಅಳತೆಗಳು ಆಕೃತಿಯ ಹೊರಗಿರಬೇಕು. ಚಿಕ್ಕ ಅಳತೆ ಆಕೃತಿಗೆ ಹತ್ತಿರವಾಗಿಯೂ ದೊಡ್ಡದು ಅದರಾಚೆಗೂ ಇರಬೇಕು. ಹೀಗಿದ್ದರೆ ಒಂದರ ಗೆರೆ ಇನ್ನೊಂದನ್ನು ಕತ್ತರಿಸುವುದಿಲ್ಲ. ಸಾಲುಗಳ ನಡುವಿನ ಅಂತರ ಸಮವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಅಳತೆಯನ್ನು ಒಂದೇ ಸಲ ಹೇಳಬೇಕು.

ಕೊನೆಯ ನಿಯಮದ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 120 ಮಿಲಿಮೀಟರ್ ಉದ್ದದ ಉಕ್ಕಿನ ಪಟ್ಟಿಯೊಂದರಲ್ಲಿ ಎರಡು ರಂಧ್ರಗಳಿವೆಯೆನ್ನೋಣ. ಎಡ ಅಂಚಿನಿಂದ ಮೊದಲ ರಂಧ್ರದ ನಡುವಿಗೆ 30, ಅಲ್ಲಿಂದ ಎರಡನೆಯದರ ನಡುವಿಗೆ 60, ಅಲ್ಲಿಂದ ಬಲ ಅಂಚಿಗೆ 30, ಒಟ್ಟು 120. ಈ ನಾಲ್ಕನ್ನೂ ಬರೆದು, ಪ್ರತಿಯೊಂದರಲ್ಲೂ ಅರ್ಧ ಮಿಲಿಮೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿತ್ತರೆ ಏನಾದೀತು? ಮೂರು ಭಾಗಗಳೂ ಅರ್ಧರ್ಧ ಕಡಿಮೆಯಾದಾಗ ಪಟ್ಟಿಯ ಉದ್ದ 118.5 ಆಗುತ್ತದೆ. ಒಟ್ಟು ಅಳತೆಯಾದರೋ 119.5ಕ್ಕಿಂತ ಕಡಿಮೆಯನ್ನು ಒಪ್ಪದು. ಕೆಲಸಗಾರನು ಯಾವ ಮಾತನ್ನು ನಡೆಸಬೇಕು? ಆದ್ದರಿಂದ ನಾಲ್ಕರಲ್ಲಿ ಒಂದನ್ನು ಬಿಡಬೇಕು. ಇಲ್ಲವೆ ಬರಿಯ ತಿಳಿವಳಿಕೆಗಾಗಿ ಕಂಸದಲ್ಲಿ ತೋರಿಸಬೇಕು. ಇಂತಹ ಹೆಚ್ಚುವರಿ ಅಳತೆ ಬಿದ್ದಾಗ ತಂತ್ರಾಂಶವೂ ಎಚ್ಚರಿಸುತ್ತದೆ. ಆದರೆ ಯಾವುದನ್ನು ಬಿಡಬೇಕೆಂಬುದನ್ನು ಅದು ಹೇಳಲಾರದು. ಪಟ್ಟಿಯು ಯಾವ ಕೆಲಸಕ್ಕೆ ಒದಗಬೇಕೆಂದು ಬಲ್ಲವನೇ ಅದನ್ನು ನಿರ್ಧರಿಸಬೇಕು.

ನಕ್ಷೆ ಬರೆದವನು ಒಂದು ಕೋಣೆಯಲ್ಲಿರುತ್ತಾನೆ. ರಂಧ್ರ ಕೊರೆಯುವವನು ಇನ್ನೊಂದು ಶೆಡ್ಡಿನಲ್ಲಿ, ಕೆಲವೊಮ್ಮೆ ಇನ್ನೊಂದು ಊರಿನಲ್ಲಿಯೇ ಇರುತ್ತಾನೆ. ಸಂದೇಹ ಬಂದಾಗ ಕೇಳಲು ಅವನ ಮುಂದೆ ಇರುವುದು ಆ ಹಾಳೆಯೊಂದೇ. ತೆರೆಯ ಮೇಲಿನ ಗೆರೆಯನ್ನು ಎಷ್ಟು ಸಲವಾದರೂ ತಿದ್ದಬಹುದು. ಕತ್ತರಿಸಿದ ಉಕ್ಕು ಮತ್ತೆ ಬೆಳೆಯದು. ಅಂಕೆಯನ್ನು ಸರಿಯಾಗಿ ಬರೆಯುವುದು ಲೆಕ್ಕದ ಜಾಣ್ಮೆ. ಅದನ್ನು ಕಾಣುವ ಎಡೆಯಲ್ಲಿ ಇರಿಸುವುದು ಕಾಣದ ಕೆಲಸಗಾರನ ಬಗೆಗೆ ತೋರುವ ಕಾಳಜಿ.