ಇಪ್ಪತ್ತು ದಾಟಿ ಗ್ಲೌಸ್ ತೊಟ್ಟವರಿಗೆ: ಅರವತ್ತು ಕೆಜಿಯ ಏಳು ಪಾಠಗಳು

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಎಂದು 2025ರ ನವೆಂಬರ್‌ನಲ್ಲಿ ಖಚಿತವಾಯಿತು. ಅಂದಿನಿಂದ ವಡೋದರದ ನಮ್ಮ ಸಣ್ಣ ಬಾಕ್ಸಿಂಗ್ ತರಬೇತಿ ಕೋಣೆಗೆ ಬರುವ ಹೊಸಬರದೆಲ್ಲ ಒಂದೇ ಪ್ರಶ್ನೆ: "ಈಗ ಶುರು ಮಾಡಿದರೆ ಅಷ್ಟೊತ್ತಿಗೆ ಆಗುತ್ತಾ, ಕಾಕಾ?" ಕೇಳುವವರಿಗೆ ಇಪ್ಪತ್ತು ದಾಟಿರುತ್ತದೆ, ತೂಕ ಅರವತ್ತರ ಆಸುಪಾಸು. ನಾನು ದಾವಣಗೆರೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವನು. ಗ್ಲೌಸ್ ತೊಟ್ಟಿದ್ದು ಮೂವತ್ತರ ಹತ್ತಿರ. ಗೆದ್ದದ್ದು ಕಡಿಮೆ, ಸೋತದ್ದು ಜಾಸ್ತಿ. ಈಗ ಸಂಜೆ ಹೊತ್ತು ಹುಡುಗರ ಕಾರ್ನರ್‌ನಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತೇನೆ. ನನ್ನಿಂದ ಹುಡುಗರಿಗೆ ಆದ ನಷ್ಟವೂ ಸೇರಿ, ಕಲಿತದ್ದು ಇಷ್ಟು.

1. ಹೆವಿವೇಟ್ ಕಥೆ ಲೈಟ್‌ವೇಟ್‌ಗೆ ಹೊಂದುವುದಿಲ್ಲ

ಕೋಣೆಯ ಗೋಡೆಗೆ ನಾನು ಅಂಟಿಸಿದ್ದ ಚಿತ್ರಗಳೆಲ್ಲ ತಡವಾಗಿ ಶುರು ಮಾಡಿದವರದ್ದೇ. ಇಪ್ಪತ್ತರಲ್ಲಿ ಜಿಮ್ಮಿಗೆ ಬಂದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಡಿಯೊಂಟೆ ವೈಲ್ಡರ್, ಹದಿನೆಂಟಕ್ಕೆ ಶುರು ಮಾಡಿ 2012ರ ಲಂಡನ್‌ನಲ್ಲಿ ಚಿನ್ನ ಗೆದ್ದ ಆಂಟನಿ ಜೋಶುವಾ, ಸೈನ್ಯ ಸೇರಿದ ಮೇಲೆ ಬಾಕ್ಸಿಂಗ್ ಕಲಿತು 1982ರ ದೆಹಲಿ ಏಷ್ಯಾಡ್‌ನಲ್ಲಿ ಚಿನ್ನ ತಂದ ನಮ್ಮ ಕೌರ್ ಸಿಂಗ್. ಮೂವರೂ ಭಾರಿ ತೂಕದವರು ಎಂಬುದು ನನಗೆ ಹೊಳೆಯಲೇ ಇಲ್ಲ. ಆ ತೂಕದಲ್ಲಿ ಸ್ಪರ್ಧಿಗಳು ಕಡಿಮೆ, ಒಂದೇ ಏಟು ಹತ್ತು ತಪ್ಪುಗಳನ್ನು ಮುಚ್ಚುತ್ತದೆ. ಅರವತ್ತು ಕೆಜಿಯ ಗಂಡಸರಾದರೋ ಲೋಕದ ತುಂಬ ಇದ್ದಾರೆ. ಇಲ್ಲಿ ಗೆಲ್ಲಿಸುವುದು ವೇಗ, ಅಂತರದ ಅಂದಾಜು, ಸಾವಿರಾರು ಸಲ ಮಾಡಿದ್ದರಿಂದ ಬರುವ ಸಹಜತೆ. ಲಂಡನ್‌ನಲ್ಲಿ 60 ಕೆಜಿ ಚಿನ್ನ ಗೆದ್ದ ಉಕ್ರೇನಿನ ವಾಸಿಲ್ ಲೊಮಚೆಂಕೊ ಅಮೆಚೂರ್ ದಿನಗಳಲ್ಲಿ 396 ಗೆದ್ದು ಒಂದೇ ಒಂದು ಸೋತವನು. ಅಷ್ಟು ಬೌಟ್ ಆಡಲು ಬಾಲ್ಯವೇ ಬೇಕು.

2. ಗರ್ಬಾ ನಿಲ್ಲಿಸಬೇಡಿ, ಕಾಲು ತಿದ್ದಿ

ನವರಾತ್ರಿ ಬಂದರೆ ವಡೋದರದಲ್ಲಿ ಸಂಜೆಯ ತರಬೇತಿಗೆ ಯಾರೂ ಸಿಗುವುದಿಲ್ಲ. ನಾನು ಸಿಟ್ಟಾಗಿ, ಗರ್ಬಾಕ್ಕೆ ಹೋದವರು ಇಲ್ಲಿಗೆ ಬರಬೇಡಿ ಎಂದೆ. ನಾಲ್ವರು ಒಳ್ಳೆಯ ಹುಡುಗರು ಮತ್ತೆ ಬರಲೇ ಇಲ್ಲ. ಗರ್ಬಾದಲ್ಲಿ ಕಾಲು ಕತ್ತರಿಯಾಗುತ್ತದೆ. ರಿಂಗ್‌ನಲ್ಲಿ ಕಾಲು ಕತ್ತರಿಯಾದ ಕ್ಷಣ ಹೊಡೆತ ಬಿದ್ದರೆ ನೆಲ ಕಾಣುತ್ತೀರಿ. ನನ್ನ ಆತಂಕ ಸುಳ್ಳಲ್ಲ, ಮದ್ದು ತಪ್ಪಾಗಿತ್ತು. ಲೊಮಚೆಂಕೊನನ್ನು ಅವನ ಅಪ್ಪನೇ ಬಾಕ್ಸಿಂಗ್ ಬಿಡಿಸಿ ಕೆಲವು ವರ್ಷ ಜಾನಪದ ನೃತ್ಯಕ್ಕೆ ಹಾಕಿದ್ದ ಎಂದು ಆಮೇಲೆ ಓದಿದೆ. ತಡವಾಗಿ ಬಂದವನಲ್ಲಿ ಮೊದಲೇ ಇರುವ ತಾಳ ಪುಕ್ಕಟೆ ಬಂಡವಾಳ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಕಾಲು ಅದನ್ನು ದಾಟದಂತೆ ಅದೇ ತಾಳಕ್ಕೆ ನಡೆಸಿದರೆ ಸಾಕು.

3. ನಿಮ್ಮ ಎದುರಾಳಿ ವಿಶ್ವ ಚಾಂಪಿಯನ್ ಅಲ್ಲ, ಪಕ್ಕದ ಜಿಲ್ಲೆಯವನು

ಒಬ್ಬ ಹುಡುಗನಿಗೆ ತಿಂಗಳುಗಟ್ಟಲೆ ದೊಡ್ಡವರ ವಿಡಿಯೊ ತೋರಿಸಿ, ಪಕ್ಕಕ್ಕೆ ತಿರುಗಿ ಹೊಡೆಯುವ ಚಮತ್ಕಾರಗಳನ್ನೆಲ್ಲ ಹೇಳಿಕೊಟ್ಟೆ. ಜಿಲ್ಲಾ ಮಟ್ಟದ ಮೊದಲ ಬೌಟ್‌ನಲ್ಲಿ ಎದುರಿನವನಿಗೆ ಬರುತ್ತಿದ್ದದ್ದು ನೆಟ್ಟಗಿನ ಜ್ಯಾಬ್ ಒಂದೇ. ನಮ್ಮವನು ತಿರುಗಿದಾಗಲೆಲ್ಲ ಅದು ಮೂಗಿಗೇ ಬಡಿಯಿತು. ಮೆಟ್ಟಿಲುಗಳನ್ನು ಎಣಿಸಿ ಹತ್ತಬೇಕು: ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ. ರಾಷ್ಟ್ರೀಯ ಕೂಟದಲ್ಲಿ ಸರ್ವಿಸಸ್, ರೈಲ್ವೇಸ್ ತಂಡದವರು ಸಿಗುತ್ತಾರೆ. ಆಡುವುದೇ ಅವರ ನೌಕರಿ. ಭಿವಾನಿಯಂಥ ಊರುಗಳಲ್ಲಿ ಎಳೆಯ ಮಕ್ಕಳಾಗಿದ್ದಾಗಲೇ ಬ್ಯಾಗ್ ಗುದ್ದಿದವರು ಸಿಗುತ್ತಾರೆ. ಅದರಾಚೆ ಸಚಿನ್ ಸಿವಾಚ್, ಪರ್ವೀನ್ ಹೂಡಾ ಇದ್ದಾರೆ. 2025ರ ನವೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ವಿಶ್ವ ಬಾಕ್ಸಿಂಗ್ ಕಪ್ ಫೈನಲ್ಸ್‌ನಲ್ಲಿ 60 ಕೆಜಿಯ ಎರಡೂ ಚಿನ್ನ ಇವರದ್ದು. ಮೊದಲ ಮೆಟ್ಟಿಲಿನವನ ಜ್ಯಾಬ್ ತಪ್ಪಿಸಲು ಬಾರದವರಿಗೆ ಇವರ ವಿಡಿಯೊದಿಂದ ಪ್ರಯೋಜನವಿಲ್ಲ.

4. ಬೆವರು ಹರಿಸಿ ತೂಕ ಕದಿಯಬೇಡಿ

ಅಹಮದಾಬಾದಿನ ಮೇ ತಿಂಗಳಲ್ಲಿ ಜಾಕೆಟ್ ತೊಟ್ಟು ಓಡಿದ ಮೂರ್ಖ ನಾನು. ಅರವತ್ತೈದರ ಆಳು ಅರವತ್ತಕ್ಕೆ ಇಳಿದರೆ ಚಿಕ್ಕವರನ್ನು ಬಡಿಯಬಹುದು ಎಂಬ ಲೆಕ್ಕ. ತಕ್ಕಡಿ ಗೆದ್ದೆ, ಎರಡನೇ ಸುತ್ತಿಗೆ ಕಾಲೇ ಇರಲಿಲ್ಲ. ವೃತ್ತಿಪರರಿಗೆ ತೂಕ ನೋಡುವುದು ಹಿಂದಿನ ದಿನ, ತುಂಬಿಕೊಳ್ಳಲು ಸಮಯವಿರುತ್ತದೆ. ಅಮೆಚೂರ್ ಕೂಟದಲ್ಲಿ ಬೌಟ್ ಇರುವ ಪ್ರತಿ ದಿನ ಬೆಳಿಗ್ಗೆ ತಕ್ಕಡಿ ಹತ್ತಬೇಕು. ಫೈನಲ್‌ವರೆಗೆ ಹೋದರೆ ದಿನವೂ ಅದೇ ಉಪವಾಸ. ನೀರು ಬತ್ತಿದ ದೇಹದ ತಲೆಗೆ ಏಟು ಬಿದ್ದರೆ ಅಪಾಯವೂ ಹೆಚ್ಚು. ಈಗ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆಯ ತೂಕದ ಪಟ್ಟಿಯಲ್ಲಿ 60 ಆದ ಮೇಲೆ 65 ಇದೆ, ಅಲ್ಲೇ ಆಡಿ. ಇಳಿಸಲೇಬೇಕಾದರೆ ಗಾಂಠಿಯಾ, ಫಾಫ್ಡಾದಂಥ ಕರಿದ ತಿಂಡಿ ಬಿಟ್ಟು ತಿಂಗಳುಗಳಲ್ಲಿ ಇಳಿಸಿ.

5. ಒಂಬತ್ತು ನಿಮಿಷಕ್ಕೆ ಸಾಕಾಗುವಷ್ಟು ಕಲಿಯಿರಿ

ಕಳೆದುಹೋದ ವರ್ಷಗಳನ್ನು ತುಂಬುವ ಆತುರದಲ್ಲಿ ನಾನು ಎಲ್ಲವನ್ನೂ ಕಲಿಸಲು ಹೊರಡುತ್ತಿದ್ದೆ. ಬೌಟ್ ಎಂದರೆ ಮೂರು ನಿಮಿಷದ ಮೂರು ಸುತ್ತು. ಐವರು ತೀರ್ಪುಗಾರರು ಪ್ರತಿ ಸುತ್ತನ್ನೂ ಬೇರೆಯಾಗಿ ಎಣಿಸುತ್ತಾರೆ. ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು ಅಥವಾ ಕಡಿಮೆ. ಮೊದಲ ಸುತ್ತು ಕೈಬಿಟ್ಟರೆ ಉಳಿದೆರಡನ್ನೂ ಗೆಲ್ಲಬೇಕು. ತಡವಾಗಿ ಬಂದವನಿಗೆ ಜ್ಯಾಬ್, ಹಿಂಗೈಯ ನೇರ ಏಟು, ಹೊಡೆದ ಕೂಡಲೇ ಜಾಗ ಬಿಡುವ ಒಂದು ಹೆಜ್ಜೆ, ಇಷ್ಟು ಗಟ್ಟಿಯಾದರೆ ಸಾಕು. ಜೊತೆಗೆ ಕೊನೆಯ ನಿಮಿಷದವರೆಗೂ ಕೈ ಇಳಿಯದಷ್ಟು ದಮ್ಮು. ದಮ್ಮು ಒಂದು ವರ್ಷದಲ್ಲಿ ಬರುತ್ತದೆ. ಚಮತ್ಕಾರ ಬರುವುದಿಲ್ಲ.

6. ಸ್ಪಾರಿಂಗ್ ಹೆಚ್ಚಿಸಿ ವಯಸ್ಸು ಗೆಲ್ಲಲಾಗದು

ನನ್ನ ದೊಡ್ಡ ತಪ್ಪು ಇದು. ಸೂರತ್‌ನಿಂದ ಒಬ್ಬ ಬರುತ್ತಿದ್ದ, ಹಗಲು ವಜ್ರ ಉಜ್ಜುವ ಕೆಲಸ. ಬೇಗ ತಯಾರಾಗಲಿ ಎಂದು ವಾರವಿಡೀ ಜೋರು ಸ್ಪಾರಿಂಗ್ ಮಾಡಿಸಿದೆ. ತಲೆನೋವನ್ನು ಅವನು ಮುಚ್ಚಿಟ್ಟ, ನಾನು ವಿಚಾರಿಸಲಿಲ್ಲ. ಒಂದು ದಿನ ಚಕ್ರದ ಮುಂದೆ ಕೂತವನಿಗೆ ಕಲ್ಲು ಎರಡಾಗಿ ಕಂಡಿತಂತೆ. ವೈದ್ಯರು ಬಿಡುವು ಹೇಳಿದರು, ಅವನ ಸಂಬಳವೂ ಹೋಯಿತು. ಆ ಮನೆಯ ಅನ್ನ ಅವನ ಕಣ್ಣು ಮತ್ತು ಬೆರಳಿನಲ್ಲಿದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಹೆಡ್‌ಗಾರ್ಡ್ ಇದೆಯಲ್ಲ ಎಂಬ ಸಮಾಧಾನ ಬೇಡ; ಅದು ಗಾಯ ತಡೆದೀತು, ಮಿದುಳಿನ ಅಲುಗಾಟ ತಡೆಯದು. ಈಗ ನಮ್ಮಲ್ಲಿ ಜೋರು ಸ್ಪಾರಿಂಗ್ ಅಪರೂಪ. ತಲೆನೋವು ಎಂದವನನ್ನು ವೈದ್ಯರು ಒಪ್ಪುವವರೆಗೆ ಒಳಗೆ ಬಿಡುವುದಿಲ್ಲ.

7. ಮೇರಿ ಕೋಮ್ ಕಥೆಯನ್ನು ಪೂರ್ತಿ ಹೇಳಿ

ಹುಡುಗಿಯರು ಬಂದಾಗ ಅರ್ಧ ಕಥೆ ಹೇಳುತ್ತಿದ್ದೆ: 1998ರಲ್ಲಿ ಡಿಂಕೊ ಸಿಂಗ್ ಏಷ್ಯಾಡ್ ಚಿನ್ನ ಗೆದ್ದದ್ದು ಕಂಡು ಹದಿಹರೆಯದ ಕೊನೆಯಲ್ಲಿ ಗ್ಲೌಸ್ ತೊಟ್ಟ ಮೇರಿ 2001ರಲ್ಲೇ ವಿಶ್ವಕೂಟದ ಬೆಳ್ಳಿ ತಂದಳು ಎಂದು. ಅದು ಮಹಿಳೆಯರ ಮೊಟ್ಟಮೊದಲ ವಿಶ್ವಕೂಟ ಎಂಬುದನ್ನು ಹೇಳುತ್ತಿರಲಿಲ್ಲ. ಅವರ ಪ್ರತಿಭೆಗೆ ಎರಡು ಮಾತಿಲ್ಲ. ಆದರೆ ಆಗ ಎಲ್ಲರೂ ಹೊಸಬರೇ. ಇಂದು ಹಾಗಿಲ್ಲ. 2022ರ ಕಾಮನ್‌ವೆಲ್ತ್‌ನಲ್ಲಿ 60 ಕೆಜಿಯಲ್ಲಿ ಕಂಚಿಗೆ ನಿಂತ ಜಾಸ್ಮಿನ್ ಲಂಬೋರಿಯಾ 2025ರಲ್ಲಿ 57 ಕೆಜಿಯ ವಿಶ್ವ ಚಾಂಪಿಯನ್ ಆದರು. ಅವರದ್ದು ಬಾಕ್ಸರ್‌ಗಳದೇ ಮನೆತನ. ತಡವಾಗಿ ಬಂದರೂ ದಾರಿ ಇರುವುದು ಬೇರೆ ಕಾಳಗ ಕಲಿತವರಿಗೆ. ಲವ್ಲಿನಾ ಮುಯೆ ಥಾಯ್‌ನಿಂದ ಬಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ವಡೋದರದ ಹಳೆಯ ಅಖಾಡಗಳ ಕುಸ್ತಿಪಟುವೋ ಕರಾಟೆ ಹುಡುಗಿಯೋ ಬಂದರೆ ನನಗೆ ಖುಷಿ.

ಇನ್ನು ಆ ಪ್ರಶ್ನೆಗೆ ಉತ್ತರ. ಇಪ್ಪತ್ತು ದಾಟಿ ಬರಿಗೈಯಲ್ಲಿ ಶುರು ಮಾಡಿದವರು ಅರವತ್ತು ಕೆಜಿಯ ಮೇಲ್ಪಂಕ್ತಿಯನ್ನು ಸೋಲಿಸುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಜಿಲ್ಲೆಯಲ್ಲಿ ಗೆಲ್ಲುವುದು, ರಾಜ್ಯಕೂಟದಲ್ಲಿ ಪದಕ ಮುಟ್ಟುವುದು ಸಾಧ್ಯ. ಆಡುವ ವಯಸ್ಸಿನ ಮಿತಿ ನಲವತ್ತು, ಸಮಯವಿದೆ. ಅದಾದ ಮೇಲೂ ತೀರ್ಪುಗಾರರಾಗಿ, ತರಬೇತುದಾರರಾಗಿ ಈ ಆಟಕ್ಕೆ ಜನ ಬೇಕು. ಹಾಗಾಗಿ 2030ಕ್ಕೆ ಗ್ಯಾಲರಿಯ ಟಿಕೆಟ್ ಕೊಳ್ಳಿ, ಆದರೆ ಮುಂದಿನ ಜಿಲ್ಲಾ ಕೂಟದ ದಿನಾಂಕ ಇವತ್ತೇ ಕೇಳಿ ಹೆಸರು ಕೊಡಿ.