ಎಮರಾಲ್ಡ್ ಬೇಗೆ ಟೆಂಟ್ ಹಾಕಲು ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ರಜೆಯಲ್ಲಿ ಬೇ ಏರಿಯಾದಿಂದ ಲೇಕ್ ಟಾಹೋ ಕಡೆ ಹೊರಡುವ ಕನ್ನಡದ ಸಂಸಾರಗಳಿಗೆ, ಊರಿಂದ ಬಂದಿರುವ ಅವರ ಅಪ್ಪ ಅಮ್ಮಂದಿರಿಗೂ ಸೇರಿಸಿ, ಈ ಸೂಚನೆ. ಕ್ಯಾಲಿಫೋರ್ನಿಯಾದ ಎಮರಾಲ್ಡ್ ಬೇ ಮತ್ತು ಅದರ ಪಕ್ಕದ ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್‌ಗಳಲ್ಲಿ ತಂಗುವವರು, ಬೆಟ್ಟದ ದಾರಿ ನಡೆಯುವವರು ಇದನ್ನು ಮನೆಯಲ್ಲೇ ಓದಿಕೊಂಡು ಹೊರಡಿ. ಅಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವ ನಮ್ಮ ಮಾತು ರೇಂಜರ್ ಹತ್ತಿರ ನಡೆದರೂ ನಡೆದೀತು. ಕರಡಿಯ ಹತ್ತಿರ, ತಣ್ಣೀರಿನ ಹತ್ತಿರ, ಬೆಂಕಿಯ ಹತ್ತಿರ ನಡೆಯುವುದಿಲ್ಲ.

ಜಾಗ

ಟೆಂಟ್ ಹಾಕುವ ಸೈಟನ್ನು ಆರು ತಿಂಗಳು ಮುಂಚೆಯೇ ಕಾದಿರಿಸಿ. ಬುಕಿಂಗ್ ತೆರೆದ ಬೆಳಿಗ್ಗೆಯೇ ಬೇಸಿಗೆಯ ಶನಿವಾರಗಳು ಮುಗಿದುಹೋಗುತ್ತವೆ. ಒಂದು ಸೈಟಿಗೆ ಎಂಟು ಜನ ಎಂದರೆ ಎಂಟೇ ಜನ. ‘ಒಂದು ರಾತ್ರಿ ತಾನೇ, ಭಾವನ ಮನೆಯವರೂ ಇಲ್ಲೇ ಮಲಗಲಿ’ ಎನ್ನಬೇಡಿ. ಜಾಗ ಸಿಗದವರು ಹೈವೇ ಬದಿಯಲ್ಲಿ ಕಾರು ನಿಲ್ಲಿಸಿ ಅದರಲ್ಲೇ ಮಲಗುವ ಯೋಚನೆಯನ್ನೂ ಬಿಡಿ.

ಕರಡಿ ಮತ್ತು ನಮ್ಮ ಊಟದ ಬುತ್ತಿ

ಇಲ್ಲಿರುವುದು ಕಪ್ಪು ಕರಡಿ. ಮೈಬಣ್ಣ ಕಂದಾಗಿ ಕಂಡರೂ ಜಾತಿ ಅದೇ. ರಾಜ್ಯದ ಬಾವುಟದ ಮೇಲೆ ನಡೆಯುವ ಗ್ರಿಜ್ಲಿ ಕ್ಯಾಲಿಫೋರ್ನಿಯಾದಿಂದ ಅಳಿದುಹೋಗಿ ಸುಮಾರು ನೂರು ವರ್ಷವಾಯಿತು, ಅದರ ಭಯ ಬೇಡ. ಕಪ್ಪು ಕರಡಿಗೆ ನೀವು ಬೇಕಿಲ್ಲ, ನಿಮ್ಮ ಡಬ್ಬಿ ಬೇಕು.

ಪ್ರತಿ ಸೈಟಿನಲ್ಲೂ ಕಬ್ಬಿಣದ ಪೆಟ್ಟಿಗೆಯೊಂದನ್ನು ನೆಲಕ್ಕೆ ಬಿಗಿದಿರುತ್ತಾರೆ. ಬೇರ್ ಬಾಕ್ಸ್ ಎನ್ನುವುದು ಇದಕ್ಕೇ. ವಾಸನೆ ಇರುವ ಪ್ರತಿಯೊಂದು ವಸ್ತುವೂ ಅದರೊಳಗೆ ಇರತಕ್ಕದ್ದು. ಪ್ರತಿಯೊಂದು ಎಂದಾಗ ನಮ್ಮವರು ಅಕ್ಕಿ, ಬೇಳೆ, ತರಕಾರಿ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಆದ್ದರಿಂದ ಬಿಡಿಸಿ ಹೇಳುತ್ತೇವೆ: ಚಟ್ನಿಪುಡಿ, ಕೋಡುಬಳೆ, ತುಪ್ಪದ ಸೀಸೆ, ಮಗುವಿನ ಹಾಲಿನ ಪುಡಿ, ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಅಜ್ಜಿಯ ಎಲೆ ಅಡಿಕೆ ಚೀಲ, ತಾತನ ಅಮೃತಾಂಜನ, ಬೆಳಿಗ್ಗೆ ಹಚ್ಚಲು ತಂದ ಊದಿನಕಡ್ಡಿ. ಬೀಗ ಹಾಕಿದ ಐಸ್ ಪೆಟ್ಟಿಗೆಯೂ ಒಳಗೇ ಹೋಗಬೇಕು. ಅಡಿಗೆ ಮಾಡುತ್ತಾ, ಊಟ ಮಾಡುತ್ತಾ ಇರುವ ಹೊತ್ತು ಬಿಟ್ಟರೆ ಹಗಲಲ್ಲೂ ಬಾಗಿಲು ಮುಚ್ಚಿ ಚಿಲಕ ಕೂಡಿಸಿ. ಅರ್ಧ ಮುಚ್ಚಿದ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಕಾರಿನೊಳಗೆ ತಿಂಡಿ ಬಿಡಕೂಡದು. ಡಿಕ್ಕಿಯಲ್ಲೂ ಕೂಡದು. ಟಾಹೋದ ಕರಡಿಗಳು ಕಾರಿನ ಹಿಡಿ ಎಳೆದು ಬಾಗಿಲು ತೆಗೆಯಲು ಕಲಿತಿವೆ. ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿಕೊಂಡರೆ ಹೊರಬರಲು ಇಡೀ ಕಾರನ್ನೇ ಸಿಗಿಯುತ್ತವೆ. ಟೆಂಟಿನೊಳಗೆ ಒಂದು ಬಿಸ್ಕತ್ತಿನ ಪೊಟ್ಟಣವೂ ಇರಬಾರದು. ಮಕ್ಕಳ ಜೇಬು ನೋಡಿ. ಮಿಕ್ಕ ಅನ್ನ ಸಾರನ್ನು ಪೊದೆಯ ಹಿಂದೆ ಸುರಿದು ‘ಪ್ರಾಣಿ ಪಕ್ಷಿ ತಿನ್ನಲಿ, ಪುಣ್ಯ ಬರುತ್ತೆ’ ಎನ್ನುವುದು ಇಲ್ಲಿ ಪಾಪದ ಲೆಕ್ಕಕ್ಕೆ ಸೇರುತ್ತದೆ. ‘ಹ್ಯಾಂಕ್ ದ ಟ್ಯಾಂಕ್’ ಎಂದು 2022ರಲ್ಲಿ ಹೆಸರಾದ ಕರಡಿಯ ಕಥೆ ಕೇಳಿರಬಹುದು. ಸೌತ್ ಲೇಕ್ ಟಾಹೋದಲ್ಲಿ ಮನೆ ಮೇಲೆ ಮನೆ ನುಗ್ಗಿದ್ದೆಲ್ಲ ಒಂದೇ ಕರಡಿ ಎಂದುಕೊಂಡಿದ್ದರು. ಡಿಎನ್‌ಎ ನೋಡಿದಾಗ ಹಲವು ಕರಡಿಗಳಿದ್ದವು. ಆ ಪೈಕಿ ಒಂದು ತಾಯಿ ಕರಡಿಯನ್ನು 2023ರಲ್ಲಿ ಹಿಡಿದು ಕೊಲರಾಡೋದ ಆಶ್ರಯಧಾಮಕ್ಕೆ ಸಾಗಿಸಿದರು. ಅದರ ಅದೃಷ್ಟ ದೊಡ್ಡದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಗಳಿಗೆ ಸಾಮಾನ್ಯವಾಗಿ ಸಾವೇ ಗತಿ.

ಕರಡಿ ಎದುರು ಬಂದರೆ ಓಡಬೇಡಿ. ಮಕ್ಕಳನ್ನು ಎತ್ತಿಕೊಳ್ಳಿ, ಎಲ್ಲರೂ ಒಟ್ಟಾಗಿ ನಿಂತು ಕೈ ಮೇಲೆತ್ತಿ ಜೋರಾಗಿ ಕೂಗಿ, ತಟ್ಟೆ ಬಡಿಯಿರಿ, ಅದಕ್ಕೆ ಹೋಗಲು ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ತಾಯಿಗೂ ಮರಿಗೂ ನಡುವೆ ಎಂದೂ ನಿಲ್ಲಬೇಡಿ. ವಾಟ್ಸಾಪಿಗೆ ವಿಡಿಯೋ ಬೇಕೆಂದು ಹತ್ತಿರ ಹೋಗುವ ಗಂಡಸರನ್ನು ಮನೆಯವರೇ ತಡೆಯಬೇಕು.

ಅಳಿಲು, ಚಿಪ್‌ಮಂಕ್‌ಗಳಿಗೂ ಕಡಲೆಕಾಯಿ ಹಾಕಬೇಡಿ, ಮುಟ್ಟಬೇಡಿ. 2021ರ ಆಗಸ್ಟ್‌ನಲ್ಲಿ ಇಲ್ಲಿಗೆ ಹತ್ತಿರದ ಟೇಲರ್ ಕ್ರೀಕ್, ಕೀವಾ ಬೀಚ್‌ಗಳನ್ನು ಮುಚ್ಚಿದ್ದು ಚಿಪ್‌ಮಂಕ್‌ಗಳಲ್ಲಿ ಪ್ಲೇಗ್ ಕಂಡದ್ದರಿಂದ. ಹೌದು, ಅದೇ ಪ್ಲೇಗು.

ಬೆಂಕಿ

ಸೈಟಿನಲ್ಲಿರುವ ಕಬ್ಬಿಣದ ಬಳೆಯೊಳಗೆ ಮಾತ್ರ ಬೆಂಕಿ. ನಿರ್ಬಂಧ ಜಾರಿಯಲ್ಲಿದ್ದ ದಿನ ಅಲ್ಲೂ ಇಲ್ಲ. ಒಳಬರುವಾಗಲೇ ಕೇಳಿ ತಿಳಿದುಕೊಳ್ಳಿ. ಉದುರಿದ ಕಡ್ಡಿ, ಒಣಗಿದ ಕೊಂಬೆ ಆರಿಸುವುದು ನಿಷಿದ್ಧ. ಸೌದೆಯನ್ನು ಅಲ್ಲೇ ಕೊಳ್ಳಿ; ಮನೆಯಿಂದ ಒಯ್ದ ಸೌದೆಯಲ್ಲಿ ಮರ ಕೊರೆಯುವ ಹುಳುಗಳು ಸವಾರಿ ಬರುತ್ತವೆ. ಮಲಗುವ ಮುಂಚೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿ ತಣ್ಣಗಾಗಿದೆ ಎಂದು ಗೊತ್ತಾದ ಮೇಲೆ ಏಳಿ. ಹೊಗೆ ನಿಂತಿತು ಎಂದರೆ ಆರಿತು ಎಂದಲ್ಲ. 2007ರ ಜೂನ್‌ನಲ್ಲಿ ಸರಿಯಾಗಿ ಆರಿಸದೆ ಬಿಟ್ಟ ಒಂದು ಕ್ಯಾಂಪ್ ಬೆಂಕಿ ಆಂಗೋರಾ ಕಾಡ್ಗಿಚ್ಚಾಗಿ ಸೌತ್ ಲೇಕ್ ಟಾಹೋ ಅಂಚಿನಲ್ಲಿ 200ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು.

ನೀರು

ದಡದಲ್ಲಿ ನಿಂತರೆ ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ. ಮೋಸ ಇರುವುದೇ ಅಲ್ಲಿ. ಸರೋವರದ ಗರಿಷ್ಠ ಆಳ 501 ಮೀಟರ್, ಹಿಮ ಕರಗಿ ಬಂದ ನೀರು. ಜೂನ್‌ನಲ್ಲಿ ಧುಮುಕಿದರೆ ಉಸಿರು ಕಟ್ಟುತ್ತದೆ, ಈಜು ಬಲ್ಲವರ ಕೈಕಾಲೂ ಕೆಲವೇ ನಿಮಿಷದಲ್ಲಿ ಮರಗಟ್ಟುತ್ತವೆ. ಮೆಲ್ಲಗೆ ಇಳಿಯಿರಿ, ಬಂಡೆಯ ಮೇಲಿಂದ ಹಾರಬೇಡಿ.

ಕಯಾಕ್, ಪ್ಯಾಡಲ್ ಬೋರ್ಡ್, ಗಾಳಿ ತುಂಬುವ ದೋಣಿ ಯಾವುದೇ ಇರಲಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು. 13 ವರ್ಷದೊಳಗಿನ ಮಕ್ಕಳಿಗೆ ಕಾನೂನೇ ಹಾಗೆ; ದೊಡ್ಡವರಿಗೆ ನಮ್ಮ ಅಪ್ಪಣೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುವುದು ಇಲ್ಲಿ ಮಾಮೂಲು. 2025ರ ಜೂನ್ 21ರಂದು ಇದೇ ಡಿ.ಎಲ್. ಬ್ಲಿಸ್ ತೀರದ ಬಳಿ ಹಠಾತ್ತನೆ ಎದ್ದ ಬಿರುಗಾಳಿಗೆ 27 ಅಡಿಯ ಮೋಟಾರು ದೋಣಿ ಮಗುಚಿ 8 ಜನ ತೀರಿಹೋದರು. ಮೋಡ ಕಟ್ಟಿದ್ದು ಕಂಡರೆ, ಕೊಟ್ಟ ಬಾಡಿಗೆಯ ಲೆಕ್ಕ ಹಾಕದೆ ದಡಕ್ಕೆ ಬನ್ನಿ.

ಬೇರೆ ಕೆರೆಯಲ್ಲಿ ಬಿಟ್ಟಿದ್ದ ದೋಣಿಯನ್ನು ತೊಳೆದು, ನೀರು ಬಸಿದು, ಪೂರ್ತಿ ಒಣಗಿಸದೆ ಇಲ್ಲಿ ಇಳಿಸಕೂಡದು. ಮೋಟಾರು ದೋಣಿಗೆ ತಪಾಸಣೆ ಕಡ್ಡಾಯ. ನಮ್ಮ ಬೇ ಏರಿಯಾಕ್ಕೆ ನೀರು ಹರಿದುಬರುವ ಡೆಲ್ಟಾದಲ್ಲೇ 2024ರಲ್ಲಿ ಗೋಲ್ಡನ್ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಪತ್ತೆಯಾಗಿದೆ. ಅದು ಟಾಹೋ ಸೇರಿದರೆ ವಾಪಸು ಕಳಿಸುವ ದಾರಿಯಿಲ್ಲ.

ಸರೋವರದಲ್ಲಿ ಪಾತ್ರೆ ತೊಳೆಯಬೇಡಿ, ಸೋಪು ಶಾಂಪೂ ಹಚ್ಚಿ ಸ್ನಾನ ಬೇಡ. ಹೂವು, ಕುಂಕುಮ, ನಾಣ್ಯ, ತೇಲುವ ದೀಪ ಯಾವುದನ್ನೂ ಬಿಡಬೇಡಿ. ಗಂಗೆಗೆ ನಮಸ್ಕಾರ ಮಾಡಬೇಕೆನಿಸಿದರೆ ಬರಿಗೈಯಲ್ಲಿ ಮಾಡಿ. ಯುಸಿ ಡೇವಿಸ್‌ನವರು 1968ರಿಂದ ಒಂದು ಬಿಳಿ ತಟ್ಟೆಯನ್ನು ನೀರಿಗಿಳಿಸಿ, ಎಷ್ಟು ಆಳದವರೆಗೆ ಕಾಣುತ್ತದೆ ಎಂದು ಅಳೆಯುತ್ತಿದ್ದಾರೆ. ಆ ವರ್ಷ ಸರಾಸರಿ 102 ಅಡಿಯವರೆಗೆ ಕಾಣುತ್ತಿತ್ತು; ಈಚಿನ ವರ್ಷಗಳಲ್ಲಿ 60–70 ಅಡಿ.

ನಡಿಗೆ

ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಹೆಚ್ಚುಕಡಿಮೆ ಸಮ. ಮೊದಲ ದಿನ ಏದುಸಿರು ಸಹಜ. ನೀರು ಹೆಚ್ಚು ಕುಡಿಯಿರಿ, ಟೋಪಿ ಮರೆಯಬೇಡಿ. 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಬಂಗಲೆಗೆ ಒಂದು ಮೈಲಿ ಇಳಿಜಾರು. ಇಳಿಯುವಾಗ ಎಲ್ಲರೂ ಹುಷಾರು. ಹತ್ತುವಾಗ 400–500 ಅಡಿ ಏರು, ವಾಹನದ ವ್ಯವಸ್ಥೆ ಇಲ್ಲ. ಮಂಡಿನೋವಿನ ಹಿರಿಯರನ್ನು ‘ಮೆಲ್ಲಗೆ ಬನ್ನಿ’ ಎಂದು ಪುಸಲಾಯಿಸಿ ಕರೆದೊಯ್ಯಬೇಡಿ. ಮೇಲಿನ ಕಟ್ಟೆಯಿಂದಲೇ ಇಡೀ ಕೊಲ್ಲಿ ಕಾಣುತ್ತದೆ, ನಡುವಿನ ಫ್ಯಾನೆಟ್ ದ್ವೀಪವೂ ಕಾಣುತ್ತದೆ. ಆ ದ್ವೀಪಕ್ಕೆ ಫೆಬ್ರವರಿ 1ರಿಂದ ಜೂನ್ 15ರವರೆಗೆ ಕಾಲಿಡುವಂತಿಲ್ಲ, ಹೆಬ್ಬಾತುಗಳು ಗೂಡು ಕಟ್ಟುವ ಕಾಲ.

ಬ್ಲಿಸ್‌ನಿಂದ ಎಮರಾಲ್ಡ್ ಬೇವರೆಗಿನ ರೂಬಿಕಾನ್ ದಾರಿ ಒಂದು ಕಡೆಗೇ ನಾಲ್ಕೂವರೆ ಮೈಲಿ. ಬೆಳಿಗ್ಗೆ ಹೊರಡಿ, ಹೊರಟದ್ದನ್ನು ಯಾರಿಗಾದರೂ ಹೇಳಿ. ತಿರುವು ತಪ್ಪಿಸಲು ಅಡ್ಡದಾರಿ ತುಳಿಯಬೇಡಿ. ಜಲಪಾತದ ಒದ್ದೆ ಬಂಡೆಯ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಖಂಡಿತ ಕೂಡದು. ಷುಗರ್ ಪೈನ್ ಮರದ ಮೊಳದುದ್ದದ ಕಾಯಿಗಳು ಬಿದ್ದಿರುತ್ತವೆ. ನವರಾತ್ರಿ ಗೊಂಬೆ ಹಬ್ಬದ ಅಲಂಕಾರಕ್ಕೆ ಚೆಂದ, ನಿಜ. ಬಿದ್ದಲ್ಲೇ ಬಿಡಿ. ನಾಯಿಯನ್ನು ಕ್ಯಾಂಪಿನಲ್ಲಿ ಆರು ಅಡಿ ಹಗ್ಗದಲ್ಲಿ ಕಟ್ಟಿಕೊಳ್ಳಬಹುದು, ಈ ದಾರಿಗಳಿಗೂ ದಡಕ್ಕೂ ತರಬಾರದು.

ಕ್ಯಾಂಪಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಬಂದ್. ಅಂತ್ಯಾಕ್ಷರಿ ‘ಇನ್ನೊಂದೇ ಸುತ್ತು’ ಎಂದು ಎಳೆಯಬೇಡಿ. ಸ್ಪೀಕರ್ ಮನೆಯಲ್ಲೇ ಇರಲಿ.

ಹೊರಡುವ ದಿನ ಮಧ್ಯಾಹ್ನ 12ರೊಳಗೆ ಸೈಟು ಖಾಲಿ ಮಾಡಿ. ಕಸವನ್ನು ಕರಡಿ ತೆಗೆಯಲಾಗದ ತೊಟ್ಟಿಗೇ ಹಾಕಿ. ತೊಟ್ಟಿ ತುಂಬಿದ್ದರೆ ಪಕ್ಕದಲ್ಲಿ ಇಡದೆ ಕಾರಿನಲ್ಲಿ ವಾಪಸು ಒಯ್ಯಿರಿ. ಕೊನೆಯಲ್ಲಿ ಒಬ್ಬರು ಬೇರ್ ಬಾಕ್ಸ್ ಒಳಗೆ ಬಗ್ಗಿ ಮೂಲೆಗೆ ಟಾರ್ಚ್ ಹಾಕಿ ನೋಡಬೇಕು. ಉಪ್ಪಿನಕಾಯಿ ಬಾಟಲಿ ಉಳಿದುಬಿಡುವುದು ಅಲ್ಲೇ.