ಸಸಿಗೆ ನೀರು ಹಾಕುವವರು ಯಾರು?



ಹೋದ ವರ್ಷ ಜೂನ್‌ನಲ್ಲಿ ನಮ್ಮ ದೇವಾಲಯದ ಅಂಗಳದಲ್ಲಿ ಯುವಕರು ನಲವತ್ತು ಸಸಿ ನೆಟ್ಟದ್ದು ನೆನಪಿರಬಹುದು. ಫೋಟೊ ತೆಗೆಸಿಕೊಂಡೆವು, ಸಿಹಿ ಹಂಚಿದೆವು. ಈಸ್ಟರ್ ಹೊತ್ತಿಗೆ ಎಣಿಸಿದರೆ ಉಳಿದದ್ದು ಆರು. ಆರೂ ನಲ್ಲಿಯ ಹತ್ತಿರದವು. ಹಬ್ಬದ ಪಾತ್ರೆ ತೊಳೆಯುವ ತಾಯಂದಿರು ಆ ನೀರನ್ನು ಅವುಗಳ ಬುಡಕ್ಕೆ ಸುರಿದಿದ್ದರು. ಎಲ್ಲಿ ನೆಡೋಣ ಎಂದು ಅವರನ್ನು ನಾವು ಕೇಳಿರಲೇ ಇಲ್ಲ. ಈ ತಪ್ಪಿನಲ್ಲಿ ಸಂಚಾಲಕಿಯಾದ ನನ್ನ ಪಾಲೇ ಹೆಚ್ಚು.

ನಮ್ಮ ಆದೋನಿ ಸುತ್ತಲಿನ ಎರೆಮಣ್ಣು ಮಳೆಯಲ್ಲಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಬಿಟ್ಟಾಗ ಎಳೆಯ ಬೇರು ಕಿತ್ತುಹೋಗುತ್ತದೆ. ಬುಡಕ್ಕೆ ಒಣ ಎಲೆ, ಹತ್ತಿಕಟ್ಟಿಗೆಯ ಪುಡಿ ಮುಚ್ಚಿ, ಆಗಾಗ ಒಂದು ಚೊಂಬು ನೀರು ಹಾಕಿದರೂ ಸಸಿ ಬದುಕೀತು. ಮರ ಬೆಳೆದರೆ ಎಲೆಗಳಿಂದ ನೀರು ಆವಿಯಾಗಿ ಸುತ್ತಲಿನ ಗಾಳಿ ತಂಪಾಗುತ್ತದೆ. ಬೆಟ್ಟದ ಬಂಡೆ, ಕಲ್ಲಿನ ಮನೆ ರಾತ್ರಿಯೂ ಕಾಯುವ ಊರಿಗೆ ಇದು ಸಣ್ಣ ಮಾತಲ್ಲ.

ಕೆನ್ಯಾದ ವಂಗಾರಿ ಮಾಥಾಯ್ ಧರ್ಮಭಗಿನಿಯರ ಶಾಲೆಯಲ್ಲಿ ಓದಿದವರು. 1964ರಲ್ಲಿ ಜೀವಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದರು. (ನಾನೂ ಬಿ.ಎಸ್ಸಿ.ಯೇ, ಆದರೆ ಕಲಿತದ್ದು ಪರೀಕ್ಷೆಗೆ!) 1977ರ ಜೂನ್ 5ರಂದು ನೈರೋಬಿಯ ಕಾಮುಕುಂಜಿ ಉದ್ಯಾನದಲ್ಲಿ ಅವರೂ ಜೊತೆಗಾರರೂ ಏಳು ಮರ ನೆಟ್ಟರು. ಉಳಿದದ್ದು ಎರಡೇ. ಅವರು ಕೈಬಿಡಲಿಲ್ಲ. ಹಳ್ಳಿಯ ಹೆಂಗಸರಿಗೆ ಸಸಿ ಬೆಳೆಸಲು ಕಲಿಸಹೊರಟಾಗ, ಅದಕ್ಕೆ ಡಿಪ್ಲೊಮಾ ಬೇಕು ಎಂದರು ಅರಣ್ಯದವರು. ಹೆಂಗಸರು ಒಡೆದ ಮಡಕೆಗಳಲ್ಲೇ ಬೀಜ ಹಾಕಿ ಬೆಳೆಸಿ ತೋರಿಸಿದರು. ಬದುಕಿ ಉಳಿದ ಪ್ರತಿ ಸಸಿಗೂ ಅವರಿಗೆ ಸ್ವಲ್ಪ ಹಣ ಸಿಗುತ್ತಿತ್ತು. 2004ರಲ್ಲಿ ವಂಗಾರಿಯವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ನಗರದಲ್ಲಿ 2017ರ ಆಗಸ್ಟ್ 14ರಂದು ಮಳೆಗೆ ಗುಡ್ಡ ಜರಿದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಆ ಇಳಿಜಾರುಗಳಲ್ಲಿ ಮರ ಕಡಿದು ಮನೆ ಕಟ್ಟಿದ್ದರು. ಮರುವರ್ಷ ಮೇಯರ್ ಆದ ಇವೊನ್ ಅಕಿ-ಸಾಯರ್ ಹತ್ತು ಲಕ್ಷ ಮರಗಳ ಯೋಜನೆ ತಂದರು. ಅಲ್ಲಿ ಪ್ರತಿ ಸಸಿಗೂ ಒಂದು ಗುರುತು ಉಂಟು. ನೋಡಿಕೊಳ್ಳುವವರು ಮತ್ತೆ ಮತ್ತೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು, ಅದಕ್ಕೇ ಕೂಲಿ. ನಾವು ತೆಗೆಸಿಕೊಂಡದ್ದು ಮೊದಲ ದಿನದ ಫೋಟೊ ಮಾತ್ರ.

ನಮ್ಮ ಕನ್ನಡನಾಡಿನ ಸಾಲುಮರದ ತಿಮ್ಮಕ್ಕನವರನ್ನು ಕೇಳದವರಿಲ್ಲ. ಹುಲಿಕಲ್–ಕುದೂರು ದಾರಿಯ ಆಲದ ಗಿಡಗಳಿಗೆ ಅವರು ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಗಂಡ ಚಿಕ್ಕಯ್ಯನವರೂ ಜೊತೆಗೆ ಕೊಡ ಹೊತ್ತರು. ಅಣ್ಣಂದಿರು ಇದನ್ನು ಗಮನಿಸಬೇಕು. ನೀರು ಹೊರುವುದನ್ನು ಹೆಂಗಸರಿಗೆ ಬಿಟ್ಟು ತೀರ್ಮಾನ ಮಾತ್ರ ನಾವು ಇಟ್ಟುಕೊಂಡರೆ ಅದನ್ನು ಮಹಿಳಾ ನಾಯಕತ್ವ ಎನ್ನಲಾಗದು.

ಬರುವ ಭಾನುವಾರ ಕನ್ನಡ ಬಲಿಪೂಜೆಯ ನಂತರ ಬೇವಿನ ಮರದಡಿ ಸೇರೋಣ. ತೆಲುಗು ಪೂಜೆಗೆ ಬರುವ ಅಕ್ಕಂದಿರನ್ನೂ ಕರೆಯಿರಿ. ಮೊದಲ ಮಾತು ತಾಯಂದಿರದು. ಚರ್ಚೆಗೆ ಇವು:

ನಮ್ಮ ಬೀದಿಯಲ್ಲಿ ಪಾತ್ರೆ, ಬಟ್ಟೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ?

ಬೇವು, ಹೊಂಗೆ, ಹುಣಸೆ: ಯಾವುದು, ಯಾರ ಮನೆ ಮುಂದೆ?

ಮೆಣಸಿನಕಾಯಿ ಬಿಡಿಸಲು ಅರ್ಧ ಓಣಿ ಗುಂಟೂರಿಗೆ ವಲಸೆ ಹೋದಾಗ ಸಸಿಗಳಿಗೆ ನೀರು ಯಾರು ಹಾಕುತ್ತಾರೆ?